ಎನ್‌ಸಿ ಚೀಟಿಗೆ ಒಂದು ಸ್ಟಾರ್, ಎಫ್‌ಐಆರ್‌ಗೆ ನಾಲ್ಕು: ಮುಂಬೈಯ ಪೊಲೀಸ್ ದೂರು ಸೇವೆ

ಠಾಣೆಯಲ್ಲಿ ದೂರು ಕೊಡಲು ಶುಲ್ಕ ಇಲ್ಲ. ಇಪ್ಪತ್ನಾಲ್ಕು ಗಂಟೆಯೂ ಬಾಗಿಲು ತೆರೆದಿರುತ್ತದೆ. ಕೌಂಟರಿನ ಭಾಷೆ ಮರಾಠಿ, ಹಿಂದಿಯೂ ನಡೆಯುತ್ತದೆ. ಅಲ್ಲಿಂದ ತರಬೇಕಾದದ್ದು ಎಫ್‌ಐಆರ್‌ನ, ಅಂದರೆ ಪೊಲೀಸ್ ತನಿಖೆಗೆ ದಾರಿ ತೆರೆಯುವ ದಾಖಲೆಯ, ಪ್ರತಿ. ಮನೆಯವರು ಸಾಮಾನ್ಯವಾಗಿ ತರುವುದು ಎನ್‌ಸಿ ಚೀಟಿ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡದ ದೂರಿನ ಬರಹ. ಈ ರಿವ್ಯೂವಿನ ಮುಕ್ಕಾಲು ಭಾಗ ಈ ಎರಡು ಕಾಗದಗಳ ನಡುವಿನ ದೂರದ ಬಗ್ಗೆಯೇ ಇದೆ.

ಬೌದ್ಧಿಕ ವಿಕಲತೆ ಇರುವ ಹುಡುಗನನ್ನು ಸೊಸೈಟಿಯ ಗೇಟಿನಲ್ಲಿ ಕುಣಿಸಿ ರೀಲ್ ಮಾಡುತ್ತಾರೆ. ‘ಯೇಡಾ’ (ಹುಚ್ಚ) ಎಂದು ಕೂಗಿ ಕಲ್ಲೆಸೆಯುತ್ತಾರೆ. ಲೋಕಲ್ ಟ್ರೇನಿನ ದಿವ್ಯಾಂಗ ಡಬ್ಬಿಯಿಂದ ಕತ್ತು ಹಿಡಿದು ದಬ್ಬುತ್ತಾರೆ. ಹೋಟೆಲಿನ ಹಿಂಬದಿಯಲ್ಲಿ ಸಂಬಳವಿಲ್ಲದೆ ಪಾತ್ರೆ ತೊಳೆಸಿ, ಒಂದು ತಟ್ಟೆ ಒಡೆದರೆ ಬಾರಿಸುತ್ತಾರೆ. ಡೊಂಬಿವಲಿಯಿರಲಿ, ಭಾಂಡುಪ್ ಇರಲಿ, ನೆರೂಲ್ ಇರಲಿ, ಕನ್ನಡ ಅಥವಾ ತುಳು ಮನೆಯೊಂದು ಇಂಥ ದೂರು ಹಿಡಿದು ಠಾಣೆಯ ಮೆಟ್ಟಿಲು ಹತ್ತಿದರೆ ಸಿಗುವ ಸೇವೆ ಎಂಥದು ಎನ್ನುವುದು ಇಲ್ಲಿನ ಪ್ರಶ್ನೆ.

ಮೊದಲೇ ತಿಳಿದಿರಬೇಕಾದ ಮಾತು: ‘ದ್ವೇಷಾಪರಾಧ’ ಎಂಬ ಹೆಸರಿನ ಸರಕು ಈ ಅಂಗಡಿಯಲ್ಲಿಲ್ಲ. ಇಂಗ್ಲೆಂಡಿನಲ್ಲಿ ವಿಕಲತೆಯ ಮೇಲಿನ ಹಗೆ ಸಾಬೀತಾದರೆ ನ್ಯಾಯಾಧೀಶರು ಅದನ್ನು ಶಿಕ್ಷೆ ಹೆಚ್ಚಿಸುವ ಅಂಶವಾಗಿ ಪರಿಗಣಿಸಲೇಬೇಕು. 2020ರ ಸೆಂಟೆನ್ಸಿಂಗ್ ಆಕ್ಟ್‌ನ 66ನೇ ಕಲಂ ಹಾಗೆ ಹೇಳುತ್ತದೆ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ 103(2), ತೀವ್ರ ಗಾಯ ಮಾಡಿದರೆ 117(4) ಇವೆ. ಅಲ್ಲಿನ ಪಟ್ಟಿಯಲ್ಲಿ ಜಾತಿ, ಸಮುದಾಯ, ಲಿಂಗ, ಭಾಷೆ, ಹುಟ್ಟಿದ ಊರು ಎಲ್ಲ ಇವೆ, ವಿಕಲತೆ ಇಲ್ಲ. ‘ಅಂಥದೇ ಬೇರೆ ಕಾರಣ’ ಎಂಬ ಬಾಲದೊಳಗೆ ಅದನ್ನು ತೂರಿಸಲು ಗಟ್ಟಿ ವಕೀಲರೇ ಬೇಕು. ಹಾಗಾಗಿ ಕೈಗೆ ಸಿಗುವ ಹತ್ತಿರದ ಅಸ್ತ್ರ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಂ. ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಜೈಲು, ಜೊತೆಗೆ ದಂಡ. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅಷ್ಟು ವರ್ಷವಾದರೂ ಕೌಂಟರಿನಲ್ಲಿ ಈ ಸಂಖ್ಯೆ ಹೇಳಿದರೆ ಎದುರಿನವರು ಮುಖ ನೋಡುವುದುಂಟು. ಕಾಯ್ದೆಯ ಆ ಪುಟದ ಮರಾಠಿ ಪ್ರತಿಯನ್ನು ಪ್ರಿಂಟ್ ತೆಗೆದು ಒಯ್ಯಿರಿ, ಕೆಲಸ ಅರ್ಧ ಹಗುರಾಗುತ್ತದೆ.

ಈಗ ಚೀಟಿಯ ವಿಷಯ. ಎನ್‌ಸಿ ಅಂದರೆ ಅರ್ಧ ಹಾಳೆ. ಮೇಲೆ ಒಂದು ನಂಬರು ಮತ್ತು ತಾರೀಖು, ನಡುವೆ ನಾಲ್ಕು ಸಾಲು ಮರಾಠಿ, ‘ಕಲಂ 115(2), 352, 351(2)’ ಎಂಬ ಬರಹ. ಕೆಳಗೆ ಕೋರ್ಟಿಗೆ ಹೋಗಿ ‘ದಾದ್’ (ಪರಿಹಾರ) ಕೇಳಿಕೊಳ್ಳಿ ಎಂಬ ಸಲಹೆ. ಈ ಮೂರೂ ಕಲಮುಗಳು, ಅಂದರೆ ಸಾಧಾರಣ ಹೊಡೆತ, ಬೈಗುಳ, ಬೆದರಿಕೆ, ಪೊಲೀಸರು ತಾವಾಗಿ ತನಿಖೆ ಮಾಡಲಾಗದ ದರ್ಜೆಯವು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಇಲ್ಲ. ತನಿಖೆ ಇಲ್ಲದಿದ್ದರೆ ಸಿಸಿಟಿವಿ ಕೇಳುವವರೂ ಇಲ್ಲ, ಸಾಕ್ಷಿಯ ಜಬಾಬ್ (ಹೇಳಿಕೆ) ಬರೆದುಕೊಳ್ಳುವವರೂ ಇಲ್ಲ. ಕೌಂಟರಿನಲ್ಲಿ ದೂರು ಬರೆದುಕೊಳ್ಳುವ ಠಾಣೆ ಅಮಲ್ದಾರರು ಸುಳ್ಳು ಹೇಳುತ್ತಿಲ್ಲ. ಆ ಮೂರು ಕಲಂ ಮಾತ್ರ ಬರೆದರೆ ಅದು ನಿಜಕ್ಕೂ ಎನ್‌ಸಿಯೇ.

ಆದರೆ 92ನೇ ಕಲಮಿನ ಗರಿಷ್ಠ ಶಿಕ್ಷೆ ಐದು ವರ್ಷ. ತನಿಖೆ, ವಿಚಾರಣೆಯ ವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿಯ ಎರಡನೇ ಭಾಗದ ಪ್ರಕಾರ, ಬೇರೆ ಕಾಯ್ದೆಗಳಡಿ ಮೂರು ವರ್ಷದಿಂದ ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳು ‘ದಖಲ್‌ಪಾತ್ರ’, ಅಂದರೆ ಎಫ್‌ಐಆರ್ ಆಗಬೇಕಾದವು, ಜಾಮೀನುರಹಿತವೂ ಹೌದು. ಅದೇ ಸಂಹಿತೆಯ 174(4) ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದೇ ಪ್ರಕರಣದ ನಾಲ್ಕು ಅಪರಾಧಗಳಲ್ಲಿ ಒಂದು ಎಫ್‌ಐಆರ್ ದರ್ಜೆಯದಾದರೂ ಸಾಕು, ಇಡೀ ಪ್ರಕರಣ ಆ ದರ್ಜೆಗೆ ಏರುತ್ತದೆ. ಹಾಗಾಗಿ ಕೌಂಟರಿನಲ್ಲಿ ಹೇಳಬೇಕಾದ ಮಾತು ಇಷ್ಟೇ: ‘ಸಾಹೇಬ್, ಇದರಲ್ಲಿ ದಿವ್ಯಾಂಗ ಕಾಯ್ದೆಯ 92 ಬರುತ್ತದೆ, ಅದನ್ನು ಸೇರಿಸಿ.’ ಜಗಳ ಬೇಡ. ಸೀನಿಯರ್ ಪಿಐ (ಠಾಣೆಯ ಮುಖ್ಯ ಇನ್‌ಸ್ಪೆಕ್ಟರ್) ಕ್ಯಾಬಿನ್ನಿಗೆ ಕಳಿಸಿದರೆ ಅಲ್ಲೂ ಇದೇ ಮಾತು.

ಬರೀ ಸಂಖ್ಯೆ ಹೇಳಿದರೆ ಸಾಲದು, ದೂರಿನ ಬರಹ ಆ ಕಲಮಿಗೆ ಹೊಂದಬೇಕು. 92(ಎ) ಕೇಳುವುದು ಮೂರು ಅಂಶ: ಬೇಕೆಂದೇ ಅವಮಾನಿಸಿದ್ದು ಅಥವಾ ಬೆದರಿಸಿದ್ದು, ತೇಜೋವಧೆಯ ಉದ್ದೇಶ, ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗ. ‘ನಮ್ಮ ಮಗನಿಗೆ ತುಂಬಾ ತೊಂದರೆ ಕೊಡುತ್ತಾರೆ’ ಎಂದು ಬರೆದ ದೂರಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ‘ಸಂಜೆ ಆರೂವರೆಗೆ, ಬಿ ವಿಂಗಿನ ಗೇಟಿನೆದುರು, ವಾಚ್‌ಮನ್ ಮತ್ತು ಇಸ್ತ್ರಿಯವನು ನೋಡುತ್ತಿದ್ದಂತೆ, ಇಂಥವನು ಪ್ಯಾಂಟ್ ಎಳೆದು, ಯೇಡಾ ನಾಚ್ ಎಂದು ಕೂಗಿ ಮೊಬೈಲಿನಲ್ಲಿ ಚಿತ್ರೀಕರಿಸಿದ’ ಎಂದು ಬರೆದರೆ ಮೂರೂ ಇವೆ. ಬೈದ ಪದ ಎಷ್ಟೇ ಹೊಲಸಾಗಿರಲಿ, ಬೈದ ಭಾಷೆಯಲ್ಲೇ ಹಾಗೇ ಬರೆಯಿರಿ. ಮರ್ಯಾದೆಗೆ ಅಂಜಿ ‘ಕೆಟ್ಟ ಶಬ್ದದಿಂದ ನಿಂದಿಸಿದರು’ ಎಂದು ಮುಚ್ಚಿದರೆ ಹಗೆಯ ಪುರಾವೆಯೇ ಹೋಯಿತು. ಅದು ಯಾಕೆ ವಿಕಲತೆಯ ಮೇಲಿನ ದಾಳಿ ಎಂಬುದನ್ನು ತೋರಿಸುವುದು ಆ ಪದವೇ.

ಉಳಿದ ಉಪಕಲಮುಗಳನ್ನು ಬೇಗ ಹೇಳಿಬಿಡುತ್ತೇವೆ. ಮರ್ಯಾದೆ ಕಳೆಯಲು ಬಲ ಪ್ರಯೋಗಿಸಿದರೆ (ಬಿ). ನೋಡಿಕೊಳ್ಳುವ ಹೊಣೆ ಇದ್ದವರು ಬೇಕೆಂದೇ ಊಟ ನೀರು ಕೊಡದಿದ್ದರೆ (ಸಿ). ಸಂಬಂಧಿಕರ ಮನೆ, ವಸತಿಗೃಹ, ಹೋಟೆಲಿನ ಮೇಲ್ಮಾಳಿಗೆಗೆ ಹೊಂದುವುದು ಇದೇ. ಮಗು ಅಥವಾ ಮಹಿಳೆಯ ಮೇಲಿನ ಹಿಡಿತವನ್ನು ಲೈಂಗಿಕವಾಗಿ ದುರುಪಯೋಗಪಡಿಸಿದರೆ (ಡಿ). ಸಹಾಯಕ ಸಾಧನ ಮುರಿದರೆ ಅಥವಾ ಅಂಗಕ್ಕೆ ಹಾನಿ ಮಾಡಿದರೆ (ಇ). ಇಲ್ಲೊಂದು ದೊಡ್ಡ ತೂತಿದೆ. ಹದಿನೆಂಟು ದಾಟಿದ ಗಂಡಸಿನ ಮೇಲೆ ಲೈಂಗಿಕ ಹಲ್ಲೆಯಾದರೆ (ಡಿ) ಬರುವುದಿಲ್ಲ. ಹಳೆಯ ದಂಡ ಸಂಹಿತೆಯ 377ಕ್ಕೆ (ಅಸಹಜ ಲೈಂಗಿಕ ಕೃತ್ಯದ ಕಲಂ) ಸಮನಾದ ಕಲಂ ಹೊಸ ಸಂಹಿತೆಯಲ್ಲಿ ಇಲ್ಲ. ಅಂಥ ಕಡೆ (ಬಿ) ಮತ್ತು ಗಾಯದ ಕಲಮುಗಳನ್ನೇ ಹಿಡಿಯಬೇಕು. ಇದು ಕಾನೂನಿನದೇ ದೋಷ, ಕೌಂಟರಿನವರನ್ನು ಬೈದು ಪ್ರಯೋಜನವಿಲ್ಲ.

ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ವಿಕಲತೆಯ ಗುರುತಿನ ಚೀಟಿ) ಇಲ್ಲದೆ ದೂರು ತೆಗೆದುಕೊಳ್ಳಲಾಗದು ಎಂದರೆ ಅದು ತಪ್ಪು. ಶೇಕಡಾ 40ರ ಅಳತೆ ಮೀಸಲಾತಿ, ಪಿಂಚಣಿಗಳಂಥ ಸವಲತ್ತಿಗೆ. 92ನೇ ಕಲಮು ‘ವಿಕಲತೆ ಇರುವ ವ್ಯಕ್ತಿ’ ಎನ್ನುತ್ತದೆ, ‘ಪ್ರಮಾಣಪತ್ರ ಇರುವ ವ್ಯಕ್ತಿ’ ಎನ್ನುವುದಿಲ್ಲ. ವಿಶೇಷ ಶಾಲೆಯ ಗುರುತಿನ ಚೀಟಿ, ಹಳೆಯ ಐಕ್ಯೂ ವರದಿ, ಆಸ್ಪತ್ರೆಯ ಕೇಸ್ ಪೇಪರ್ ಸದ್ಯಕ್ಕೆ ಸಾಕು. ಕಾರ್ಡ್ ಇದ್ದರೆ ಮಾತ್ರ ಅದರ ನಕಲನ್ನು ಮೊದಲ ದಿನವೇ ದೂರಿಗೆ ಲಗತ್ತಿಸಿಬಿಡಿ, ಆಮೇಲೆ ಕೋರ್ಟಿನಲ್ಲಿ ವಾದಕ್ಕೆ ಎಡೆ ಇರುವುದಿಲ್ಲ.

ಇನ್ನು ಒಂದು ಪದದ ಬಗ್ಗೆ. ಠಾಣೆಯ ಮರಾಠಿಯಲ್ಲಿ ಬೌದ್ಧಿಕ ವಿಕಲತೆ ಇರುವವರನ್ನು ‘ವೇಡಸರ್’ ಎಂದು ಬರೆಯುವ ಹಳೆಯ ಚಾಳಿ ಇದೆ. ನಮ್ಮ ಮಾತಿನಲ್ಲಿ ‘ಅರೆಹುಚ್ಚ’. ಬರೆಯುವವರಿಗೆ ಅದರಲ್ಲಿ ಕೆಟ್ಟದ್ದೇನೂ ಕಾಣುವುದಿಲ್ಲ. ಆದರೆ ಎಫ್‌ಐಆರ್‌ನಲ್ಲಿ ಆ ಪದ ಕೂತರೆ ಪ್ರಕರಣ ಮಾನಸಿಕ ಕಾಯಿಲೆಯ ದಾರಿ ಹಿಡಿಯುತ್ತದೆ. ಇವನ ಮಾತನ್ನು ಹೇಗೆ ನಂಬುವುದು ಎಂಬ ಪ್ರಶ್ನೆ ಎದುರು ವಕೀಲರಿಗೆ ಪುಕ್ಕಟೆ ಸಿಗುತ್ತದೆ. ‘ಬೌದ್ಧಿಕ ಅಕ್ಷಮತಾ’ ಅಥವಾ ಕೊನೆಗೆ ‘ಮತಿಮಂದ’ ಎಂದಾದರೂ ಬರೆಸಿ. ಬರೆದದ್ದನ್ನು ಓದಿ ಹೇಳಬೇಕಾದದ್ದು ಪೊಲೀಸರ ಕರ್ತವ್ಯ, ನಾಗರಿಕ ಸುರಕ್ಷಾ ಸಂಹಿತೆಯ 173ರಲ್ಲೇ ಇದೆ. ಮರಾಠಿ ಓದಲು ಬಾರದಿದ್ದರೆ ಓದಬಲ್ಲ ನೆರೆಯವರನ್ನು ಕರೆದೊಯ್ಯಿರಿ. ಮುಂಬೈಯಲ್ಲಿ ಮೂವತ್ತು ವರ್ಷ ಕಳೆದು, ಅಂಗಡಿ ಬೋರ್ಡು ಓದಬಲ್ಲವರೂ ಠಾಣೆಯ ಕೂಡಿಸಿ ಗೀಚಿದ ಕೈಬರಹದ ಮುಂದೆ ಸೋಲುವುದು ನಾಚಿಕೆಯ ವಿಷಯವಲ್ಲ.

ಸೇವೆಯ ಅತಿ ದುರ್ಬಲ ಭಾಗ ಹೇಳಿಕೆ ಪಡೆಯುವುದು. ಕಾಗದದ ಮೇಲೆ ಏರ್ಪಾಡು ಚೆನ್ನಾಗಿದೆ. ವಿಕಲತೆ ಇರುವವರನ್ನು ಸಾಕ್ಷಿಯಾಗಿ ಠಾಣೆಗೆ ಬರಲು ಒತ್ತಾಯಿಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು (ಕಲಂ 179). ಲೈಂಗಿಕ ಅಪರಾಧವಾದರೆ ವಿಶೇಷ ಶಿಕ್ಷಕರು ಅಥವಾ ದುಭಾಷಿಯ ಸಮ್ಮುಖದಲ್ಲಿ, ವಿಡಿಯೊ ಮಾಡುತ್ತಾ ಬರೆದುಕೊಳ್ಳಬೇಕು (ಕಲಂ 173). ಹದಿನೆಂಟಕ್ಕಿಂತ ಚಿಕ್ಕವರಿಗೆ ಪೋಕ್ಸೊ ಕಾಯ್ದೆಯ 26 ಮತ್ತು 38 ಇದೇ ನೆರವು ಕೊಡುತ್ತವೆ. ಹೊಡೆತ, ಅಣಕದ ದೂರಿಗೆ ವಿಶೇಷ ಶಿಕ್ಷಕರು ಕಡ್ಡಾಯವೆಂದು ಎಲ್ಲೂ ಬರೆದಿಲ್ಲ; ವಿಕಲಚೇತನರ ಕಾಯ್ದೆಯ 12ನೇ ಕಲಮು ಹೇಳುವ ನ್ಯಾಯದ ಸಮಾನ ಅವಕಾಶವನ್ನು ಹಿಡಿದು ಬರವಣಿಗೆಯಲ್ಲಿ ಕೇಳಬೇಕು.

ತಪ್ಪುವುದು ಎಲ್ಲಿ? ‘ದಿವ್ಯಾಂಗ’ ಎಂದ ಕೂಡಲೇ ಸಂಕೇತ ಭಾಷೆಯವರನ್ನು ಕರೆಸುತ್ತಾರೆ. ಕಿವಿ ಕೇಳುವ, ಮಾತು ಬರುವ ಹುಡುಗನಿಗೆ ಅವರಿಂದ ಏನೂ ಆಗದು. ಅಥವಾ ಹೇಳಿಕೆ ಮುಗಿದ ಮೇಲೆ ವಿಶೇಷ ಶಿಕ್ಷಕರನ್ನು ಕರೆಸಿ ಸಹಿ ಹಾಕಿಸುತ್ತಾರೆ. ಮೂರನೆಯದು ನಮ್ಮವರಿಗೇ ವಿಶೇಷವಾದದ್ದು: ಮನೆಯಲ್ಲಿ ಕುಂದಗನ್ನಡ ಅಥವಾ ತುಳು ಮಾತ್ರ ಕೇಳಿ ಬೆಳೆದವನ ಮುಂದೆ ಮರಾಠಿ ಶಿಕ್ಷಕರನ್ನು ಕೂರಿಸುತ್ತಾರೆ. ಅವನು ಸುಮ್ಮನಾಗುತ್ತಾನೆ, ಕಾಗದದಲ್ಲಿ ‘ಉತ್ತರಿಸಲು ಅಸಮರ್ಥ’ ಎಂದು ಬೀಳುತ್ತದೆ. ಆಗ ಅಮ್ಮನೇ ಭಾಷಾಂತರಕ್ಕೆ ನಿಲ್ಲುತ್ತಾಳೆ, ಕೋರ್ಟಿನಲ್ಲಿ ‘ಅಮ್ಮ ಹೇಳಿಕೊಟ್ಟದ್ದು’ ಎಂಬ ವಾದ ಹುಟ್ಟುತ್ತದೆ. ಇದಕ್ಕೆ ಮದ್ದು ಇಬ್ಬರನ್ನು ಕೇಳುವುದು. ಒಬ್ಬರು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುವ ವಿಶೇಷ ಶಿಕ್ಷಕರು. ಇನ್ನೊಬ್ಬರು ಆ ಮನೆಮಾತು ಬಲ್ಲ, ನೆಂಟರಲ್ಲದ ವ್ಯಕ್ತಿ. ಮೊದಲನೆಯವರಿಗಾಗಿ ಶಿವಡಿಯಲ್ಲಿ 1944ರಿಂದ ಇರುವ ಜೈ ವಕೀಲ್ ಶಾಲೆ, ಖಾರ್ಘರ್‌ನ ನೀಪಿಡ್ (ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆ) ಪ್ರಾದೇಶಿಕ ಕೇಂದ್ರದಂಥ ಕಡೆ ವಿಚಾರಿಸಬಹುದು. ಎರಡನೆಯವರಾಗಿ ಪಾಲಿಕೆಯ ಕನ್ನಡ ಶಾಲೆಯ ಒಬ್ಬ ಟೀಚರ್ ಸಾಕು.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ಯೂನಿಫಾರ್ಮಿನವರು ‘ಅವನೇ ಹೊಡೆದನಾ?’ ಎಂದರೆ ‘ಹೂಂ’ ಎನ್ನುವುದು, ‘ಇವನು ಹೊಡೆದನಾ?’ ಎಂದರೂ ‘ಹೂಂ’ ಎನ್ನುವುದು ಬೌದ್ಧಿಕ ವಿಕಲತೆಯಲ್ಲಿ ತೀರಾ ಸಾಮಾನ್ಯ. ದೊಡ್ಡವರಿಗೆ ಒಪ್ಪಿಸುವ ಅಭ್ಯಾಸ ಅದು, ಸುಳ್ಳಲ್ಲ. ‘ಏನಾಯ್ತು ಹೇಳು’, ‘ಆಮೇಲೆ?’ ಎಂಬ ಎರಡೇ ಪ್ರಶ್ನೆಯಲ್ಲಿ ಆದಷ್ಟು ದೂರ ಹೋಗಬೇಕು. ಗಂಟೆ ಕೇಳಬಾರದು, ಅಮ್ಮನ ಸೀರಿಯಲ್ಲಿಗೆ ಮೊದಲಾ ನಂತರವಾ ಎಂದು ಕೇಳಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು ಕೊಡಬೇಕು. ಮನೆಯವರು ಮಾಡಬಹುದಾದದ್ದು ಒಂದು: ಅವನು ಮೊದಲ ಸಲ ಬಾಯಿಬಿಟ್ಟಾಗ ಆಡಿದ ಮಾತನ್ನು, ತಿದ್ದದೆ, ಅದೇ ಭಾಷೆಯಲ್ಲಿ, ತಾರೀಖು ಹಾಕಿ ಒಂದು ಹಾಳೆಯಲ್ಲಿ ಬರೆದಿಡುವುದು. ಆಮೇಲೆ ಪದೇಪದೇ ಕೇಳಿ ಉರು ಹೊಡೆಸಬಾರದು. ವಿಕಲತೆ ಇರುವವರ ಸಾಕ್ಷ್ಯವನ್ನು ಆ ಕಾರಣಕ್ಕೇ ಕಡಿಮೆ ತೂಕದ್ದೆಂದು ಎಣಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಪಟಾನ್ ಜಮಾಲ್ ವಲಿ ತೀರ್ಪಿನಲ್ಲಿ ಹೇಳಿದೆ. ಮಹಾರಾಷ್ಟ್ರದ್ದೇ ಪ್ರಕರಣವೊಂದರಲ್ಲಿ 2022ರಲ್ಲಿ ಇಂಥ ಸಾಕ್ಷಿಗಳಿಗೆ ಪ್ರತ್ಯೇಕ ಹೇಳಿಕೆ ಕೇಂದ್ರಗಳನ್ನು ಮಾಡಬೇಕೆಂದೂ ಆದೇಶಿಸಿದೆ. ವಕೀಲರಿಗೆ ಇದನ್ನು ನೆನಪಿಸಿ, ಆರೋಪಿಯ ಎದುರೇ ನಿಂತು ಹೇಳಬೇಕಾಗಿಲ್ಲ.

ಕಾಯುವ ಸಮಯ: 92ರ ಶಿಕ್ಷೆ ಮೂರರಿಂದ ಏಳು ವರ್ಷದ ನಡುವೆ ಬೀಳುವುದರಿಂದ, ಹಿರಿಯ ಅಧಿಕಾರಿಯ ಅನುಮತಿ ಪಡೆದು ಹದಿನಾಲ್ಕು ದಿನ ಪ್ರಾಥಮಿಕ ವಿಚಾರಣೆ ನಡೆಸಲು 173(3) ಅವಕಾಶ ಕೊಡುತ್ತದೆ. ‘ಬಘತೋ’ (ನೋಡುತ್ತೇನೆ) ಎಂದರೆ ಆ ಅನುಮತಿಯ ತಾರೀಖು ಕೇಳಿ. ದೂರಿನ ಎರಡು ಪ್ರತಿ ಒಯ್ದು ಒಂದರ ಮೇಲೆ ‘ಪೋಚ್’ (ತಲುಪಿದೆ ಎಂಬ) ಮುದ್ರೆ ಹಾಕಿಸಿಕೊಂಡಿದ್ದರೆ ಎಣಿಕೆ ಅಂದಿನಿಂದ ಶುರು. ಆಮೇಲೂ ಆಗದಿದ್ದರೆ ಅದೇ ದೂರನ್ನು ವಲಯದ ಡಿಸಿಪಿಗೆ (ಉಪ ಪೊಲೀಸ್ ಆಯುಕ್ತರಿಗೆ) ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಮೌನವಾದರೆ ಅಫಿಡವಿಟ್ ಸಹಿತ ಮ್ಯಾಜಿಸ್ಟ್ರೇಟರಿಗೆ 175(3)ರ ಅರ್ಜಿ. ಡಿಸಿಪಿಗೆ ಕಳಿಸಿದ ರಸೀದಿ ಇಲ್ಲದಿದ್ದರೆ ಈ ಅರ್ಜಿ ನಿಲ್ಲುವುದಿಲ್ಲ, ಆತುರದಲ್ಲಿ ಜನ ತಪ್ಪಿಸುವ ಮೆಟ್ಟಿಲು ಅದೇ.

ಅಷ್ಟರಲ್ಲಿ ಪುರಾವೆ ಅಳಿಯುತ್ತಿರುತ್ತದೆ. ಸೊಸೈಟಿಯ ಸಿಸಿಟಿವಿ ಸಾಧಾರಣವಾಗಿ ಹದಿನೈದರಿಂದ ಮೂವತ್ತು ದಿನಕ್ಕೆ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತದೆ, ಅಗ್ಗದ ಡಿವಿಆರ್ ಆದರೆ ವಾರಕ್ಕೇ. ಸೆಕ್ರೆಟರಿಗೆ ಅಂದೇ ಲಿಖಿತ ಪತ್ರ ಕೊಟ್ಟು, ಇಂತಿಷ್ಟು ಗಂಟೆಯ ಭಾಗ ಉಳಿಸಿ ಎನ್ನಿ. ವಾಟ್ಸಾಪಿನಲ್ಲಿ ಬಂದ ರೀಲನ್ನು ಫಾರ್ವರ್ಡ್ ಮಾಡುತ್ತಾ ಹೋದರೆ ಗುಣಮಟ್ಟವೂ ಮೂಲದ ಗುರುತೂ ಹೋಗುತ್ತವೆ. ಬಂದ ಫೋನನ್ನೇ ಹಾಗೇ ಇಡಿ, ಖಾತೆಯ ಹೆಸರು ಮತ್ತು ಲಿಂಕ್ ಬರೆದುಕೊಳ್ಳಿ. ಇಂಥ ಡಿಜಿಟಲ್ ಪುರಾವೆಗೆ ಕೋರ್ಟಿನಲ್ಲಿ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರವೂ ಬೇಕು. ಗಾಯವಾದರೆ ಪೊಲೀಸ್ ಪತ್ರಕ್ಕೆ ಕಾಯದೆ ಮುನಿಸಿಪಲ್ ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ಎಂಎಲ್‌ಸಿ (ಕಾನೂನಿಗೆ ಬೇಕಾದ ಗಾಯದ ದಾಖಲೆ) ಮಾಡಿಸಿ. ನೋವು ಹೇಳಿಕೊಳ್ಳಲು ಬಾರದವರ ಬೆನ್ನು, ಕಂಕುಳು, ಪಾದದಡಿ ನೋಡಲು ವೈದ್ಯರಿಗೆ ನೀವೇ ಹೇಳಬೇಕು. ಕಪ್ಪು ಮೈಯ ಮೇಲೆ ಕಂದಿದ ಗುರುತು ಮರುದಿನ ಎದ್ದು ಕಾಣುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡನೇ ದಿನವೂ ಫೋಟೊ ತೆಗೆಯಿರಿ.

ತುರ್ತು ಕರೆಯ 112ಕ್ಕೆ ಮೂರೂವರೆ ಸ್ಟಾರ್. ಕರೆ ನಿಮ್ಮ ಠಾಣೆಗೆ ನೇರ ಹೋಗುವುದಿಲ್ಲ, ರಾಜ್ಯದ ಕೇಂದ್ರಕ್ಕೆ ಹೋಗಿ ಅಲ್ಲಿಂದ ಹತ್ತಿರದ ಗಾಡಿಗೆ ಬರುತ್ತದೆ. ‘ನಮ್ಮ ಶೆಟ್ಟರ ಹೋಟೆಲಿನ ಹತ್ತಿರ’ ಎಂದರೆ ಅವರಿಗೆ ತಿಳಿಯದು. ರಸ್ತೆಯ ಹೆಸರು, ಸ್ಟೇಷನ್ನಿನ ಪೂರ್ವವಾ ಪಶ್ಚಿಮವಾ ಎಂಬುದನ್ನು ಮೊದಲು ಹೇಳಿ, ಕತೆ ಆಮೇಲೆ.

ರೈಲಿನ ದೂರು ಬೇರೆಯೇ ಕಿಟಕಿ. ಬೌದ್ಧಿಕ ವಿಕಲತೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ದಿವ್ಯಾಂಗ ಡಬ್ಬಿಯಲ್ಲಿ ‘ಕೈಕಾಲು ಗಟ್ಟಿಯಿದೆಯಲ್ಲ, ಇಳಿ’ ಎಂದು ದಬ್ಬುವವರಲ್ಲಿ ಇತರ ವಿಕಲಚೇತನರೂ ಇರುತ್ತಾರೆ, ಬೇಸರದ ಸಂಗತಿ. ಹಲ್ಲೆಯ ಎಫ್‌ಐಆರ್ ಬರೆಯುವುದು ಜಿಆರ್‌ಪಿ, ಅಂದರೆ ರಾಜ್ಯದ ರೈಲ್ವೆ ಪೊಲೀಸರು (ಫೋನ್ 1512). ಕಾಯ್ದಿರಿಸಿದ ಡಬ್ಬಿಗೆ ನುಗ್ಗಿದ್ದಕ್ಕೆ ರೈಲ್ವೆ ಕಾಯ್ದೆಯ 155ರಡಿ ಕ್ರಮ ಕೈಗೊಳ್ಳುವುದು ಆರ್‌ಪಿಎಫ್, ಅಂದರೆ ರೈಲ್ವೆಯ ರಕ್ಷಣಾ ಪಡೆ (ಫೋನ್ 139). ಘಟನೆ ಕುರ್ಲಾ ಮತ್ತು ಘಾಟ್ಕೋಪರ್ ನಡುವೆ ಆಯಿತು, ನಮ್ಮ ಹದ್ದಲ್ಲ ಎಂದರೆ ‘ಝೀರೊ ಎಫ್‌ಐಆರ್’ ಎನ್ನಿ, ಹದ್ದು ನೋಡದೆ ಬರೆದುಕೊಳ್ಳಬೇಕೆಂದು 173(1) ಹೇಳುತ್ತದೆ. ಗಾಡಿಯ ಸಮಯ, ಸ್ಲೋ ಅಥವಾ ಫಾಸ್ಟ್, ಡಬ್ಬಿಯ ಮೇಲೆ ಬರೆದ ಸಂಖ್ಯೆ ಇದ್ದರೆ ಸ್ಟೇಷನ್ ಕ್ಯಾಮೆರಾದಲ್ಲಿ ಹುಡುಕುವುದು ಸುಲಭ.

ಗೆಳೆತನದ ಸೋಗಿನಲ್ಲಿ ನಡೆಯುವ ಸುಲಿಗೆಯಲ್ಲಿ ಈ ಸೇವೆ ಪೂರ್ತಿ ಸೋಲುತ್ತದೆ. ದಿನಾ ವಡಾಪಾವ್ ಕೊಡಿಸುವ ‘ದೋಸ್ತ’ ಹುಡುಗನಿಗೆ ಬರುವ ಸಂಜಯ್ ಗಾಂಧಿ ನಿರಾಧಾರ ಅನುದಾನದ (ಸರ್ಕಾರಿ ಮಾಸಾಶನದ) ಹಣ ತೆಗೆಸುತ್ತಾನೆ, ಹುಡುಗನ ಆಧಾರ್ ಮೇಲೆ ಸಿಮ್ ಕೊಳ್ಳುತ್ತಾನೆ, ಲೋನ್ ಆ್ಯಪ್‌ನಲ್ಲಿ ಸಾಲ ಎತ್ತುತ್ತಾನೆ. ‘ಅವನೇ ಕೊಟ್ಟನಲ್ಲ’ ಎಂಬ ಒಂದು ಮಾತಿಗೆ ಕೌಂಟರ್ ಮುಚ್ಚುತ್ತದೆ. 92ರ ಯಾವ ಉಪಕಲಮೂ ಸರಿಯಾಗಿ ಕೂರದು, ವಂಚನೆಯ 318ನ್ನೇ ಹಿಡಿಯಬೇಕು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಣ ತೆಗೆದ ತಾರೀಖುಗಳಿಗೆ ಗೆರೆ ಎಳೆದು ಒಯ್ಯಿರಿ. ಹಣ ಆನ್‌ಲೈನ್ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930.

ಹಳೆಯ ಎನ್‌ಸಿ ಚೀಟಿಗಳನ್ನು ಎಸೆಯಬೇಡಿ. 2007ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ, ಬೀದಿ ಹುಡುಗರ ವರ್ಷಗಟ್ಟಲೆಯ ಕಾಟ ತಾಳದೆ ತಾಯಿಯೊಬ್ಬಳು ಬೌದ್ಧಿಕ ವಿಕಲತೆಯ ಮಗಳೊಂದಿಗೆ ಸತ್ತಳು. ಮೂವತ್ತಕ್ಕೂ ಹೆಚ್ಚು ಸಲ ಪೊಲೀಸರಿಗೆ ಕರೆ ಹೋಗಿತ್ತು. ಒಂದೊಂದು ಕರೆಯನ್ನೂ ಬಿಡಿಬಿಡಿಯಾಗಿ ಪುಂಡಾಟವೆಂದು ಬರೆದುಕೊಂಡಿದ್ದರು, ಯಾರೂ ಜೋಡಿಸಿ ನೋಡಲಿಲ್ಲ. ನಮ್ಮ ಠಾಣೆಯ ರಿಜಿಸ್ಟರಿನಲ್ಲೂ ಚೀಟಿಗಳು ಒಂದನ್ನೊಂದು ಗುರುತಿಸುವುದಿಲ್ಲ. ಹೊಸ ದೂರಿನ ಮೊದಲ ಪ್ಯಾರಾದಲ್ಲೇ ಹಿಂದಿನ ಎಲ್ಲ ಎನ್‌ಸಿಗಳ ನಂಬರು, ತಾರೀಖು, ಅದೇ ಹುಡುಗರ ಹೆಸರನ್ನು ಸಾಲಾಗಿ ಬರೆಯಿರಿ.

ಮಾರಾಟದ ನಂತರದ ಸೇವೆ ಅಂದುಕೊಂಡದ್ದಕ್ಕಿಂತ ಉತ್ತಮ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ವಿಕಲಚೇತನರಿಗೆ ವಕೀಲರು ಉಚಿತ, ಆದಾಯ ಕೇಳುವಂತಿಲ್ಲ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಮನೆಯೊಳಗೇ ಹಿಂಸೆಯಿದ್ದರೆ ವಿಕಲಚೇತನರ ಕಾಯ್ದೆಯ 7ನೇ ಕಲಮಿನಡಿ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ರಕ್ಷಣೆಯ ಆದೇಶ ಕೊಡಬಲ್ಲರು. ಆ ಅರ್ಜಿಯನ್ನು ನೆರೆಯವರೂ ಹಾಕಬಹುದು. ಹದಿನೆಂಟು ದಾಟಿದವರಿಗೆ ಪಾಲಕರ ನೇಮಕ ಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸ್ಥಳೀಯ ಸಮಿತಿ ಇದೆ, ಅದರ ಅಧ್ಯಕ್ಷರು ಕಲೆಕ್ಟರ್. ಕಲೆಕ್ಟರ್ ಕಚೇರಿ ಉಪನಗರದವರಿಗೆ ಬಾಂದ್ರಾ ಪೂರ್ವ, ನಗರದವರಿಗೆ ಫೋರ್ಟಿನ ಓಲ್ಡ್ ಕಸ್ಟಮ್ ಹೌಸ್. ಪೊಲೀಸರು ಕರ್ತವ್ಯ ತಪ್ಪಿದರೆಂಬ ದೂರು ರಾಜ್ಯದ ದಿವ್ಯಾಂಗ ಆಯುಕ್ತರಿಗೆ. ಅವರ ಕಚೇರಿ ಇರುವುದು ಪುಣೆಯಲ್ಲಿ. ಡೆಕ್ಕನ್ ಕ್ವೀನ್ ರೈಲು ಹತ್ತಬೇಕಾಗಿಲ್ಲ, ಪೋಚ್ ಇರುವ ದೂರಿನ ಪ್ರತಿ, ಡಿಸಿಪಿಗೆ ಕಳಿಸಿದ ರಸೀದಿ, ಹಳೆಯ ಎನ್‌ಸಿಗಳ ಜೆರಾಕ್ಸ್ ಸೇರಿಸಿ ಅಂಚೆಯಲ್ಲಿ ಕಳಿಸಿದರೆ ಸಾಕು.

ಎಫ್‌ಐಆರ್ ಆದರೆ ಪ್ರತಿ ಅಲ್ಲೇ ಪುಕ್ಕಟೆ ಕೊಡಬೇಕು. ಸಹಿಗೆ ಮೊದಲು ಎರಡು ಕಾಲಂ ನೋಡಿ. ಎರಡನೆಯದರಲ್ಲಿ ಕಾಯ್ದೆ ಮತ್ತು ಕಲಮುಗಳು ಇರುತ್ತವೆ, 92 ಅಲ್ಲಿ ಕಾಣಬೇಕು. ಎಂಟನೆಯದು ತಡವಾದ ಕಾರಣಕ್ಕೆ. ಅದು ಖಾಲಿ ಇದ್ದರೆ ‘ಮಗ ಹೇಳಿಕೊಳ್ಳಲಾರದೆ ನಾಲ್ಕು ದಿನದ ನಂತರ ತಿಳಿಯಿತು’ ಎಂಬ ಒಂದು ಸಾಲು ಬರೆಸಿ.